ನಡೆಯದ ಪಂದ್ಯದ ಗೋಲು

ನವೆಂಬರ್ ೧೮, ಶನಿವಾರ

ಎಂಥ ಎಡವಟ್ಟು ಮಾಡಿಕೊಂಡೆ! ದಿನವಿಡೀ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚಿ ಸುಸ್ತಾಗಿ ಬಂದವಳು, ಫುಟ್‌ಬಾಲ್ ಹಾಕುವಾಗ ಸರಿಯಾಗಿ ನೋಡದೆ ಹೋದ ವರ್ಷದ ಪಂದ್ಯದ ವೀಡಿಯೊ ಒತ್ತಿಬಿಟ್ಟಿದ್ದೇನೆ. ಊರಿನಲ್ಲಿರುವ ಅಣ್ಣ ಎಂದಿನಂತೆ ಫೋನಿನಲ್ಲಿದ್ದ. ಅವನು ಅಲ್ಲಿ ತನ್ನ ಟಿವಿ ಮುಂದೆ, ನಾನು ಇಲ್ಲಿ, ನೋಡುವ ಪಂದ್ಯ ಮಾತ್ರ ಒಂದೇ. ನಾನು ಈ ದೇಶಕ್ಕೆ ಬಂದ ಮೂರು ವರ್ಷದಿಂದ ಇದೇ ರೂಢಿ.

"ಗೋಲ್!" ಎಂದು ಕಿರುಚಿದೆ.

"ಅಬ್ಬಬ್ಬಾ, ಏನ್ ಹೊಡ್ದ ನೋಡೇ!" ಎಂದ ಅಣ್ಣ.

ಆಮೇಲೆ ಸುದ್ದಿ ನೋಡಿದರೆ, ಮಂಜು ಕವಿದು ಇವತ್ತಿನ ಪಂದ್ಯ ನಡೆದೇ ಇಲ್ಲ.

ಹಾಗಾದರೆ ಅವನು ನೋಡಿದ್ದೇನು? ಎಷ್ಟು ದಿನದಿಂದ ಹೀಗೆ? ಊರೂರಿನ ಲಿಫ್ಟ್ ಬಾಗಿಲುಗಳ ಸದ್ದು ಕೂಡಿಡುವ ಪುಣ್ಯಾತ್ಮನ ವೀಡಿಯೊ ಕಳಿಸಿದ್ದೆನಲ್ಲ, ಹತ್ತೊಂಬತ್ತು ನಿಮಿಷದ್ದು, ಅದಕ್ಕೆ ಅರೆ ನಿಮಿಷದಲ್ಲೇ "ಸೂಪರ್" ಎಂದು ಬರೆದಿದ್ದ. ಆಗಲೇ ಹೊಳೆಯಬೇಕಿತ್ತು.

ಸಿಟ್ಟು ಬರುತ್ತಿದೆ. ಈ ಹುಚ್ಚುಗಳನ್ನೆಲ್ಲ ಹಿಡಿಸಿದವನೇ ಅವನು. ಅಮ್ಮನಿಗೆ ಗೊತ್ತಾಗದಂತೆ ಒಂದೇ ಇಯರ್‌ಫೋನನ್ನು ಅವನಿಗೊಂದು ಕಿವಿ, ನನಗೊಂದು ಕಿವಿ ಎಂದು ಹಂಚಿಕೊಂಡು ಹೆವಿ ಮೆಟಲ್ ಕೇಳಿಸಿದವನು. ಈಗಲೂ ನಾನು ಎಡಗಿವಿಗೆ ಮಾತ್ರ ಹಾಕಿಕೊಂಡಿದ್ದೇನೆ. ಬಲಗಡೆಯದು ದಿಂಬಿನ ಮೇಲೆ ಸಣ್ಣಗೆ ಅರಚುತ್ತಿದೆ.

ಕೇಳಿಯೇ ಬಿಡೋಣವೆಂದು ಮತ್ತೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು, "ಬರೋ ಶನಿವಾರ ಮ್ಯಾಚ್ ಎಷ್ಟೊತ್ತಿಗೆ? ಈಗ್ಲೇ ಹೇಳು, ಬೇರೆ ಕೆಲ್ಸ ಇಟ್ಕೊಳ್ಳಲ್ಲ" ಎಂದ.

ಬರುವ ಶನಿವಾರ ಪಂದ್ಯವೇ ಇಲ್ಲ.

"ಎಂಟಕ್ಕೆ" ಎಂದೆ. ಹಳೆಯದೊಂದು ಹುಡುಕಿಡಬೇಕು, ಗೋಲು ಜಾಸ್ತಿ ಇರುವಂಥದ್ದು.