ನೀಲಜ್ಜಿಯ ಉಳಿಮತ

ಹಾರ್ಕ್‌ಬೆಕ್ ಪಟ್ಟಣ, ಇಂಗ್ಲೆಂಡ್
ಏಪ್ರಿಲ್ ಮೂವತ್ತೊಂದು, 2213

ನೀಲಜ್ಜಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಶಿವಗಂಗಾ ಪೆಂಬರ್ಟನ್ ಮಾಡುವ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಸಿಗುವುದಿಲ್ಲ. ಕೌನ್ಸಿಲ್ ಚುನಾವಣೆಯ ವರ್ಷ ನಾವು ಏಪ್ರಿಲಿಗೆ ಒಂದು ದಿನ ಸೇರಿಸುತ್ತೇವೆ. ಅಂದು ಬೆಳಗಿನಿಂದ ಸಂಜೆಯವರೆಗೆ ಟೌನ್ ಹಾಲಿನಲ್ಲಿ ಸತ್ತ ಮತದಾರರ ಹೆಸರುಗಳನ್ನು ಓದುತ್ತಾರೆ, ಮನೆಯವರು ಎದ್ದು ‘ಹಾಜರ್’ ಎನ್ನಬೇಕು. ನಿಮ್ಮ ಪರವಾಗಿ ಹಾಗೆ ಹೇಳಿ ಈಗಷ್ಟೇ ಕೂತಿದ್ದೇನೆ. ಈ ದಿನ ಬರೆದ ಕಾಗದ ಹಿಂದಿನ ಕಾಲಕ್ಕೆ ತಲುಪುತ್ತದೆ ಎನ್ನುತ್ತಾರೆ; ಇದು ನಿಮ್ಮ ಕೈ ಸೇರುವಾಗ ನಿಮಗಿನ್ನೂ ಇಪ್ಪತ್ತೊಂಬತ್ತು ವರ್ಷ. ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ನನ್ನ ಕನ್ನಡವನ್ನೂ ಕ್ಷಮಿಸಿ. ಮಾತು ಅಮ್ಮನಿಂದ ಬಂತು, ಬರವಣಿಗೆ ನೀವು ಬಿಟ್ಟುಹೋದ ನಾಲ್ಕು ಪುಸ್ತಕಗಳಿಂದ. ಕೆಲವು ಪದಗಳು ಮಾತ್ರ ನಿಮ್ಮ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲ.

ಅವುಗಳಲ್ಲಿ ಮೊದಲನೆಯದು ಉಳಿಮತ. ಊರಿನಲ್ಲಿ ಜನ ಕಡಿಮೆಯಾಗಿ ಮತ ಹಾಕುವವರೇ ಸಿಗದಂತಾದಾಗ, ಒಬ್ಬರು ಕಡೆಯದಾಗಿ ಹಾಕಿದ ಮತ ಅವರು ಸತ್ತ ಮೇಲೂ ಸಲ್ಲಬೇಕು ಎಂದು ಕಾನೂನು ಬಂತು. ಅದೇ ಉಳಿಮತ. ಹಳೆಯ ಮತಪತ್ರಗಳನ್ನೆಲ್ಲ ಕಟ್ಟುಕಟ್ಟಾಗಿ ಇಟ್ಟಿದ್ದಾರೆ, ಹಿಂಬದಿಯ ನಂಬರಿನಿಂದ ಅದು ಯಾರದೆಂದು ತಿಳಿಯುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಬಿಚ್ಚಿ, ನಮ್ಮ ಮತಗಳ ಜೊತೆ ಸೇರಿಸಿ ಎಣಿಸುತ್ತೇವೆ. ಬದುಕಿರುವವರು ಇನ್ನೂರ ಹನ್ನೆರಡು ಮಂದಿ, ಸತ್ತವರು ನಾಲ್ಕು ಸಾವಿರದ ಮೇಲೆ. ಊರು ಯಾರದೆಂದು ನೀವೇ ಹೇಳಿ.

ನಮ್ಮ ವಾರ್ಡಿನ ಸದಸ್ಯರು ಡೆಸ್ಮಂಡ್ ಹೋಲ್‌ಗೇಟ್. ಹೌದು, ಮೊನ್ನೆ ನಿಮ್ಮ ಬಾಗಿಲಿಗೆ ಕರಪತ್ರ ಹಿಡಿದು ಬಂದವರೇ. ಅವರು ಸತ್ತು ನೂರ ಎಪ್ಪತ್ತು ವರ್ಷವಾಯಿತು, ಗೆಲ್ಲುವುದನ್ನು ಬಿಟ್ಟಿಲ್ಲ. ಸಭೆಯಲ್ಲಿ ಅವರ ಖಾಲಿ ಕುರ್ಚಿಯ ಮುಂದೆ ಚಹಾ ಇಡುತ್ತಾರೆ. ಸಭೆ ಮುಗಿಯುವಾಗ ಕಪ್ಪು ಅರ್ಧ ಖಾಲಿಯಾಗಿರುತ್ತದೆ, ಅದನ್ನು ಯಾರೂ ಮಾತಿಗೆ ತರುವುದಿಲ್ಲ. ಅವರ ಪರವಾಗಿ ಮಾತಾಡಲು ಒಬ್ಬ ನೌಕರನಿದ್ದಾನೆ. ಬಾಯಿಗೊಡುವವನು ಎನ್ನುತ್ತೇವೆ. ಏನು ಕೇಳಿದರೂ ಅವನು ಆ ಹಳೆಯ ಕರಪತ್ರದಿಂದಲೇ ಉತ್ತರ ಓದಬೇಕು. ಅದರಲ್ಲಿರುವುದು ಮೂರು ವಾಕ್ಯ: ವಾರಕ್ಕೊಮ್ಮೆ ಕಸ ಎತ್ತಿಸುತ್ತೇನೆ, ಬೀದಿದೀಪ ರಿಪೇರಿ ಮಾಡಿಸುತ್ತೇನೆ, ದಿಬ್ಬದ ಹುಲ್ಲುಗಾವಲಿನಲ್ಲಿ ಒಂದು ಮನೆಯನ್ನೂ ಕಟ್ಟಲು ಬಿಡುವುದಿಲ್ಲ.

ನಿಮ್ಮ ಕಾಲಕ್ಕೆ ಇದು ಒಳ್ಳೆಯ ಮಾತೇ ಇರಬಹುದು. ಈಗ ಸಮುದ್ರ ಕೆಳಬೀದಿಗೆ ಬಂದಿದೆ. ತಿಂಗಳಿಗೆ ಎರಡು ಸಲ ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು. ಒಲೆಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇವೆ, ಬೂಟು ಹಾಕಿಕೊಂಡೇ ರೊಟ್ಟಿ ತಟ್ಟುತ್ತೇನೆ. ಗೋಡೆಯ ಬೂಷ್ಟು ಒರೆಸಿದಷ್ಟೂ ಬರುತ್ತದೆ. ನನ್ನ ಮಗಳು ಐವಿಗೆ ಏಳು ವರ್ಷ. ಉಸಿರೆಳೆದರೆ ಎದೆ ಗೊರಗೊರ ಎನ್ನುತ್ತದೆ. ಇನ್ನೊಂದು ಚಳಿಗಾಲ ಈ ಮನೆಯಲ್ಲಿಟ್ಟರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೇಳಿದ್ದಾರೆ. ಊರಿನಲ್ಲಿ ಒಣನೆಲ ಎಂದರೆ ದಿಬ್ಬವೊಂದೇ. ಅಲ್ಲಿ ಒಂದು ಕೋಣೆ ಕೊಡಿ ಎಂದು ಐದು ಸಲ ಅರ್ಜಿ ಹಾಕಿದೆ. ಐದು ಸಲವೂ ಬಾಯಿಗೊಡುವವನು ತಲೆ ತಗ್ಗಿಸಿಕೊಂಡು ಆ ಮೂರನೆಯ ವಾಕ್ಯವನ್ನೇ ಓದಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮನೆಯೂ ಕೆಳಬೀದಿಯಲ್ಲೇ ಇದೆ.

ಕಳೆದ ಮೂರು ಚುನಾವಣೆಗಳಲ್ಲೂ ಹೋಲ್‌ಗೇಟ್ ಗೆದ್ದದ್ದು ಒಂದೇ ಮತದಿಂದ. ಅವರ ವಿರುದ್ಧ ಬಿದ್ದ ಹಳೆಯ ಮತಗಳು ಈಗ ಎದುರು ನಿಂತವರಿಗೇ ಸಲ್ಲುತ್ತವೆ. ನಾವು ಬದುಕಿರುವವರೆಲ್ಲ ಅವರ ವಿರುದ್ಧವೇ ಹಾಕುತ್ತೇವೆ. ಆದರೂ ಆ ಒಂದು ಮತ ಉಳಿದೇ ಉಳಿಯುತ್ತದೆ. ನಾನು ಎಣಿಕೆಯ ಮೇಜಿನಲ್ಲಿ ಕೂರುವವಳು, ಕಟ್ಟು ಬಿಚ್ಚಿ ಒಂದೊಂದೇ ಪತ್ರ ನೋಡಿದ್ದೇನೆ. ಹೋಲ್‌ಗೇಟರ ಕಟ್ಟಿನಲ್ಲಿ ತೀರ ಅಡಿಗಿರುವುದು ನಿಮ್ಮದು, ಅಜ್ಜಿ.

ನೀವೇಕೆ ಹಾಕಿದಿರಿ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗದಗಿನಿಂದ ನರ್ಸಾಗಿ ಬಂದು ಎರಡು ತಿಂಗಳಾಗಿತ್ತು, ಕಾಮನ್‌ವೆಲ್ತ್ ದೇಶದವರೆಂದು ಮತದ ಹಕ್ಕೂ ಸಿಕ್ಕಿತ್ತು, ನಿಮ್ಮ ಬಾಗಿಲು ತಟ್ಟಿದ ಮೊದಲ ಮನುಷ್ಯ ಅವರು. ಒಳಗೆ ಕರೆದು ಚಹಾ ಕೊಟ್ಟಿರಿ, ಅವರು ಎರಡು ಚಕ್ಕಲಿ ತಿಂದರು. ಆಮೇಲೆ ನೀವಂದ ಮಾತನ್ನು ಅಮ್ಮ ನಗುತ್ತಾ ಹೇಳುತ್ತಿದ್ದರು: “ನಮ್ಮ ಮನ್ಯಾಗ ಕುಂತು ಚಹಾ ಕುಡದು ಹೋಗ್ಯಾರ, ಅವರಿಗೆ ಹೆಂಗ್ ಇಲ್ಲ ಅನ್ನೂದು?” ಮುಂದೆ ಡ್ಯೂಟಿಯ ಗಡಿಬಿಡಿಯಲ್ಲಿ ನೀವು ಮತ್ತೆಂದೂ ಮತ ಹಾಕಲಿಲ್ಲ. ಹಾಗಾಗಿ ಅದೇ ನಿಂತಿತು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಕಳೆದ ಎಣಿಕೆಯ ದಿನ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ, ನಿಮ್ಮ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿದೆ. ಕಾಗದ ಬೆಳ್ಳಗಾದದ್ದನ್ನು ಕಣ್ಣಾರೆ ನೋಡಿ, ಅದನ್ನು ಕಟ್ಟಿನ ಅಡಿಗಿಟ್ಟು, ಮೇಲೆ ಕೈಯೂರಿ ಕೂತೆ. ಯಾರೂ ಹತ್ತಿರ ಬರಲಿಲ್ಲ. ಕೈಯೆತ್ತಿ ನೋಡಿದರೆ ಗುರುತು ಮತ್ತೆ ಅಲ್ಲೇ ಇತ್ತು, ಮೊದಲಿಗಿಂತ ಕಪ್ಪಾಗಿ, ಒತ್ತಿ ಬರೆದಂತೆ. ಮುಟ್ಟಿದರೆ ಹೊಸ ಪೆನ್ಸಿಲಿನ ಪುಡಿ ಬೆರಳಿಗೆ ಅಂಟಿತು. ಕಾಗದ ಬೆಚ್ಚಗಿತ್ತು. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಅಂದು ಸಂಜೆ ನಿಮ್ಮ ಗೋರಿಯ ಹತ್ತಿರ, ಆಗಿನ್ನೂ ಮೂರು ವರ್ಷದ ಐವಿಯನ್ನು ಕರೆದುಕೊಂಡು ಹೋಗಿ, ಅವಳ ಕೆಮ್ಮು ನಿಮಗೆ ಕೇಳಲಿ ಎಂದು ಬಹಳ ಹೊತ್ತು ನಿಂತೆ. ಮಾರನೆಯ ದಿನ ಮರುಎಣಿಕೆಯಲ್ಲಿ ಗುರುತು ಇನ್ನಷ್ಟು ಕಪ್ಪಾಗಿತ್ತು.

ಬರುವ ಗುರುವಾರ ನಿಮ್ಮಲ್ಲಿ ಮತದಾನ. ಹೋಲ್‌ಗೇಟರು ಇನ್ನೊಮ್ಮೆ ಬಂದರೆ ಚಹಾ ಕೊಡಿ, ಡಬ್ಬಿಯಲ್ಲಿರುವ ಚಕ್ಕಲಿಯನ್ನೆಲ್ಲ ಕೊಡಿ. ಆದರೆ ಮತ ಬೇರೆಯವರಿಗೆ ಹಾಕಿ. ಯಾರಿಗಾದರೂ ಸರಿ. ಸತ್ತ ಮೇಲೆ ನೀವು ಯಾರ ಮಾತೂ ಕೇಳುವುದಿಲ್ಲ, ಅಜ್ಜಿ. ಅದಕ್ಕೇ ಬದುಕಿರುವಾಗ ಕೇಳಿಕೊಳ್ಳುತ್ತಿದ್ದೇನೆ.