ಪಾಚಿಗೂ ಗಡ್ಡೆಗೂ ಒಂದೇ ಕುಂಡ

ಸೋಮವಾರ, ಸಂಜೆ

ಪಾಚಿ ಮಹಾಶಯರಿಗೆ,

ನಿಮ್ಮ ಕಾರ್ಡು ಬಂತು. ‘ಬರಲಾ?’ ಅಂತ ಒಂದೇ ಪದ. ಮೂರು ತಿಂಗಳು ಅಕ್ಕನ ಮನೆಯಲ್ಲಿ ಕೂತು ಯೋಚಿಸಿದ ಗಂಡಸಿಗೆ ಇನ್ನೊಂದು ಪದ ಸಿಗಲಿಲ್ಲವೇ? ಕಾರ್ಡನ್ನು ಫ್ರಿಜ್ಜಿನ ಮೇಲಿಟ್ಟೆ, ತೆಗೆದೆ, ಬೀರುವಿನಲ್ಲಿಟ್ಟೆ, ಮತ್ತೆ ತೆಗೆದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಇವತ್ತು ಕಾಲೇಜಿನ ಲ್ಯಾಬಿನಲ್ಲಿ ನನ್ನ ಕೆಲಸ ಏನಿತ್ತು ಗೊತ್ತೇ? ಪಾಚಿಯನ್ನೂ ಲಿಲ್ಲಿ ಗಡ್ಡೆಯನ್ನೂ ಹೋಲಿಸುವ ಪಾಠಕ್ಕೆ ಮೇಜು ಸಿದ್ಧಮಾಡುವುದು. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನಿಮ್ಮ ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ ಮೇಲೆ ನೀವು ಸೋಫಾ ಬಿಟ್ಟೇಳದಿದ್ದಾಗ, ‘ಹೀಗೇ ಕೂತಿದ್ರೆ ಪಾಚಿ ಕಟ್ಟತ್ತೆ ನಿಮಗೆ’ ಅಂದವಳು ನಾನು. ‘ನೀನೊಂದು ಗಡ್ಡೆ, ಎಲ್ಲಾ ಒಳಗೇ ಬಚ್ಚಿಟ್ಕೋತೀಯ, ವರ್ಷಕ್ಕೊಂದ್ಸಲ ನಕ್ಕರೆ ಹೆಚ್ಚು’ ಅಂದು ಬ್ಯಾಗು ಎತ್ತಿಕೊಂಡವರು ನೀವು.

ಪಾಚಿಗೆ ಬೇರಿಲ್ಲ, ಹೂವಿಲ್ಲ, ಎಲೆಯಿಂದಲೇ ನೀರು ಕುಡಿಯುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಗಡ್ಡೆ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಮಣ್ಣೊಳಗೆ ಮಲಗುತ್ತದಂತೆ. ಹಿಂದಿನ ಬೆಂಚಿನ ಹುಡುಗಿ, ‘ಸರ್, ಇವೆರಡೂ ಒಂದೇ ಕುಂಡದಲ್ಲಿ ಬದುಕ್ತವಾ?’ ಅಂತ ಕೇಳಿದಳು. ಪಾಚಿಗೆ ಸದಾ ತೇವ ಬೇಕು, ಅಷ್ಟು ತೇವಕ್ಕೆ ಗಡ್ಡೆ ಕೊಳೆಯುತ್ತದೆ ಎಂದುಬಿಟ್ಟರು. ನನ್ನ ಕೈಯಲ್ಲಿದ್ದ ಗಾಜಿನ ತಟ್ಟೆ ಜಾರಿ ಒಡೆಯಿತು. ಎಲ್ಲರೂ ತಿರುಗಿ ನೋಡಿದರು.

ಸತ್ತಿದೆಯೆಂದು ಎಸೆಯಲು ಇಟ್ಟಿದ್ದ ಒಣ ಪಾಚಿಯ ಮೇಲೆ ಸುಮ್ಮನೆ ಒಂದಿಷ್ಟು ನೀರು ಚಿಮುಕಿಸಿದೆ. ಗಾಜು ಗುಡಿಸಿ ಮುಗಿಸುವಷ್ಟರಲ್ಲಿ ಹಸಿರಾಗಿಬಿಟ್ಟಿತ್ತು, ನಾಚಿಕೆಗೆಟ್ಟದ್ದು.

ನೀವಿಲ್ಲದೆ ಮನೆ ಚೊಕ್ಕಟವಾಗಿದೆ. ಅದೇ ತಲೆ ಕೆಡಿಸುತ್ತಿದೆ. ಸೋಫಾದ ಮೇಲೆ ನಾನೂ ಕೂರುತ್ತಿಲ್ಲ. ಬನ್ನಿ ಅಂದರೆ ಮತ್ತೆ ಅದೇ ಜಗಳವಾದೀತೆಂಬ ಭಯ. ಬೇಡ ಅನ್ನಲು ಕೈ ಬರುತ್ತಿಲ್ಲ. ಉತ್ತರಕ್ಕೆ ಅವಸರ ಮಾಡಬೇಡಿ.

ಇಂತಿ,
ವರ್ಷಕ್ಕೊಂದು ಸಲ ನಗುವವಳು

ತಾ.ಕ.: ಹೋಗುವ ಹಿಂದಿನ ದಿನ ಮೆಟ್ಟಿಲ ಬಳಿಯ ಕುಂಡದಲ್ಲಿ ನೀವು ಲಿಲ್ಲಿ ಗಡ್ಡೆಯನ್ನು ತಲೆಕೆಳಗಾಗಿ ನೆಟ್ಟಿದ್ದಿರಿ. ಗಡಿಯಾರದೊಳಗೆ ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಕೈಗೆ ಬುಡ ಯಾವುದು ತುದಿ ಯಾವುದು ತಿಳಿಯಲಿಲ್ಲ! ಸಿಟ್ಟಿಗೆ ನಾನೂ ಅದನ್ನು ಸರಿಮಾಡಲಿಲ್ಲ, ನೀರು ಹಾಕುವುದನ್ನೂ ಬಿಡಲಿಲ್ಲ. ಈಗಷ್ಟೇ ನೋಡಿದೆ. ಮೊಳಕೆ ಮಣ್ಣೊಳಗೇ ಸುತ್ತಿ ಬಳಸಿ ಕುಂಡದ ಅಂಚಿನಲ್ಲಿ ತಲೆ ಹಾಕಿದೆ. ಸುತ್ತ ಪಾಚಿಯೂ ಕಟ್ಟಿದೆ. ಮೇಷ್ಟ್ರಿಗೆ ಹೇಳುವುದಿಲ್ಲ. ಬರುವಾಗ ಇನ್ನೂ ದೊಡ್ಡ ಕುಂಡ ತನ್ನಿ.