ಅತ್ತೆಯ ಫ್ಯಾನ್

ಏಪ್ರಿಲ್ ೧೭, ಶುಕ್ರವಾರ

ಅತ್ತೆಯ ಮುಖ ನೋಡಲಾಗುತ್ತಿಲ್ಲ. ಸೆಕೆಗೆ ಹಂದಿಗಳು ತಿನ್ನುವುದನ್ನು ಬಿಟ್ಟಾಗ ನಾನು ಎಷ್ಟು ಒದ್ದಾಡಿದೆ! ಅವುಗಳ ಕರುಳು ಸೋತಿರುತ್ತದೆಂದು ಸೋಯಾ ಹಿಂಡಿ ಕಡಿಮೆ ಮಾಡಿ, ಸುಲಭವಾಗಿ ಮೈಗೆ ಹತ್ತಲೆಂದು ಅಮೈನೋ ಆಮ್ಲದ ಪುಡಿ ಬೆರೆಸಿದೆ. ಅತ್ತೆಯ ಕೋಣೆಯ ಫ್ಯಾನನ್ನೂ ದೊಡ್ಡಿಗೆ ಸಾಗಿಸಿದೆ.

ಇವತ್ತು ಅತ್ತೆ ಮೀನಿನ ಸಾರು, ಅನ್ನ ಹಾಗೇ ಬಿಟ್ಟಾಗ ಮಾತ್ರ, ಕಾನ್ ಥೋ ನಗರದಿಂದ ಬಂದಿದ್ದ ನಾದಿನಿಯ ಮುಂದೆಯೇ ರೇಗಿಬಿಟ್ಟೆ: "ನನ್ನ ಅಡುಗೆ ನಿಮಗೆ ಯಾವತ್ತು ರುಚಿಸಿದೆ ಹೇಳಿ!"

"ಅದಲ್ಲ ಕಣೇ ಥೊವಾ, ಸೆಕೆಗೆ ಏನೂ ಸೇರ್ತಿಲ್ಲ. ನಿನ್ನ ಹಂದಿ ಪುಡೀನೇ ನಂಗೂ ಒಂಚೂರು ಹಾಕು," ಅಂದರು. ನಾದಿನಿ ಬಿದ್ದು ಬಿದ್ದು ನಕ್ಕಳು. ನಾನು ತಲೆ ಎತ್ತಲಿಲ್ಲ.

ಈಗಷ್ಟೇ ಫ್ಯಾನನ್ನು ತಂದು ಅವರ ಮಂಚದ ಪಕ್ಕ ಇಟ್ಟೆ. "ಹಂದಿಗಳಿಗೆ ಸೆಕೆ ಆಗಲ್ವೇನೇ?" ಅಂದರು. ಕೊಂಕಲ್ಲ, ನಿಜವಾಗಿಯೇ ಕೇಳಿದರು. ಒಂದು ಮಾತು ಬೈದಿದ್ದರೆ ಮನಸ್ಸಿಗೆ ಎಷ್ಟೋ ಹಗುರಾಗುತ್ತಿತ್ತು.